ನಾಣ್ಯ ಹಾಕಿದರೆ ನಡೆಯುವ ಹಳೆಯ ಯಂತ್ರಗಳು: ಮನೆಯಲ್ಲೊಂದು ಆಟದ ಕೋಣೆ ಕಟ್ಟುವವರಿಗೆ

ಬೇಸಿಗೆ ರಜೆಗೆ ಊರಿಗೆ ಹೊರಟ ಕುಟುಂಬ, ರೈಲಿಗೆ ಇನ್ನೂ ಅರ್ಧ ಗಂಟೆ ಬಾಕಿ, ಪ್ಲಾಟ್‌ಫಾರಂನ ಮೂಲೆಯಲ್ಲಿ ಬಣ್ಣಬಣ್ಣದ ದೀಪ ಮಿನುಗಿಸುತ್ತ ನಿಂತಿರುವ ತೂಕದ ಯಂತ್ರ. ಅಪ್ಪನ ಕೈಯಿಂದ ಒಂದು ನಾಣ್ಯ ಗಿಟ್ಟಿಸಿಕೊಂಡು ಅದರ ಮೇಲೇರಿ ನಿಂತ ನೆನಪು ಮದರಾಸಿನಲ್ಲಿ ಬೆಳೆದ ಕನ್ನಡಿಗರಲ್ಲಿ ಬಹುಮಂದಿಗೆ ಇದ್ದೇ ಇರುತ್ತದೆ. ಗಾಜಿನ ಹಿಂದಿನ ಚಕ್ರ ಗಿರ್ರನೆ ತಿರುಗಿ, ಒಳಗೆ ಏನೋ ಖಟಖಟ ಸದ್ದಾಗಿ, ಕೊನೆಗೆ ಸಣ್ಣದೊಂದು ರಟ್ಟಿನ ಚೀಟಿ ಕೆಳಗಿನ ತಟ್ಟೆಗೆ ಬೀಳುತ್ತಿತ್ತು. ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯವಾಕ್ಯ. ತೂಕಕ್ಕಿಂತ ಭವಿಷ್ಯವನ್ನೇ ಮೊದಲು ಓದುತ್ತಿದ್ದೆವು ಎಂಬುದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಇಂತಹ ನಾಣ್ಯಚಾಲಿತ ಯಂತ್ರಗಳನ್ನು ಸಂಗ್ರಹಿಸಿ ಮನೆಯಲ್ಲೇ ಒಂದು ಆಟದ ಕೋಣೆ ಮಾಡಿಕೊಳ್ಳುವ ಹವ್ಯಾಸ ಅಮೆರಿಕ, ಜಪಾನ್, ಯುರೋಪ್‌ಗಳಲ್ಲಿ ಹಲವು ದಶಕಗಳಿಂದ ಇದೆ. ಹೊರದೇಶಗಳಲ್ಲಿ ಕೆಲಕಾಲ ಇದ್ದು ಮರಳಿದ ನಮ್ಮ ಮಕ್ಕಳು ಈ ಆಸೆಯನ್ನು ಜತೆಗೆ ತರುವುದೂ ಉಂಟು. ಆದರೆ ವೆಸ್ಟ್ ಮಾಂಬಲಂನಂತಹ ಇಕ್ಕಟ್ಟಾದ, ಮಳೆನೀರು ನಿಲ್ಲುವ, ಕಡಲಗಾಳಿ ತಾಗುವ ಬಡಾವಣೆಯಲ್ಲಿ ಇದು ಸಾಧ್ಯವೇ? ಸಾಧ್ಯವಾದರೆ ಯಾವ ಯಂತ್ರ ತಕ್ಕುದು, ಯಾವುದು ಅಪಾಯಕಾರಿ, ಯಾವುದು ಕಾನೂನಿಗೆ ವಿರುದ್ಧ? ಆಸಕ್ತರ ಉಪಯೋಗಕ್ಕಾಗಿ ಮುಖ್ಯ ಸಂಗತಿಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಪರಂಪರೆ ಬಲು ಹಳೆಯದು

ನಾಣ್ಯ ಹಾಕಿದರೆ ಕೆಲಸ ಮಾಡುವ ಯಂತ್ರದ ಕಲ್ಪನೆ ಆಧುನಿಕವಾದುದಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತನು ದೇವಾಲಯಗಳಲ್ಲಿ ತೀರ್ಥ ಕೊಡುವ ಒಂದು ಸಾಧನವನ್ನು ವರ್ಣಿಸಿದ್ದಾನೆ. ನಾಣ್ಯವು ಸನ್ನೆಗೋಲಿನ ತುದಿಯ ತಟ್ಟೆಗೆ ಬಿದ್ದು ಅದನ್ನು ಬಾಗಿಸುತ್ತದೆ. ಮತ್ತೊಂದು ತುದಿ ಮೇಲೆದ್ದು ನೀರಿನ ಕಿಂಡಿ ತೆರೆಯುತ್ತದೆ. ನಾಣ್ಯ ಜಾರಿ ಬೀಳುತ್ತಲೇ ಕಿಂಡಿ ಮುಚ್ಚುತ್ತದೆ. ಎರಡು ಸಾವಿರ ವರ್ಷಗಳ ಬಳಿಕವೂ ನಾಣ್ಯಯಂತ್ರಗಳ ಹೃದಯದಲ್ಲಿರುವ ತತ್ತ್ವ ಇದೇ: ನಾಣ್ಯದ ತೂಕವೇ ಬೀಗದ ಕೈ.

1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಂಚೆ ಕಾರ್ಡು ಕೊಡುವ ಯಂತ್ರಗಳೂ ತೂಕದ ಯಂತ್ರಗಳೂ ರೈಲು ನಿಲ್ದಾಣಗಳಿಗೆ ಬಂದವು. ಕಾಯುವ ಜನ, ಕೈಯಲ್ಲಿ ಚಿಲ್ಲರೆ, ಕಳೆಯಬೇಕಾದ ಸಮಯ, ಈ ಮೂರೂ ಒಟ್ಟಿಗೆ ಸಿಗುವ ಸ್ಥಳ ರೈಲು ನಿಲ್ದಾಣವಲ್ಲದೆ ಬೇರಾವುದು? 1931ರಲ್ಲಿ ಅಮೆರಿಕದ ಗಾಟ್ಲೀಬ್ ಸಂಸ್ಥೆಯ 'ಬ್ಯಾಫಲ್ ಬಾಲ್' ಆಟದೊಂದಿಗೆ ಪಿನ್‌ಬಾಲ್ ಜನಪ್ರಿಯವಾಯಿತು. ಚೆಂಡನ್ನು ಹೊಡೆದು ಮೇಲಕ್ಕೆ ಕಳಿಸುವ ಪುಟ್ಟ ರೆಕ್ಕೆಗಳು ಬಂದದ್ದು 1947ರಲ್ಲಿ, ಅದೇ ಸಂಸ್ಥೆಯ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ. ಅದಕ್ಕೆ ಮೊದಲು ಚೆಂಡು ಎಲ್ಲಿ ಬೀಳುವುದೆಂಬುದು ಬಹುಪಾಲು ಅದೃಷ್ಟದ ಮಾತಾಗಿದ್ದರಿಂದ ಪಿನ್‌ಬಾಲ್ ಜೂಜೆಂದೇ ಪರಿಗಣಿತವಾಗಿತ್ತು. ನ್ಯೂಯಾರ್ಕ್ ನಗರದಲ್ಲಿ 1942ರಿಂದ 1976ರವರೆಗೆ ಅದಕ್ಕೆ ನಿಷೇಧವೇ ಇತ್ತು.

ವಿಡಿಯೋ ಆಟಗಳ ಯುಗ ಆರಂಭವಾದದ್ದು 1970ರ ದಶಕದಲ್ಲಿ. 1971ರಲ್ಲಿ 'ಕಂಪ್ಯೂಟರ್ ಸ್ಪೇಸ್', 1972ರಲ್ಲಿ ಅಟಾರಿ ಸಂಸ್ಥೆಯ 'ಪಾಂಗ್' ಬಂದವು. ಕ್ಯಾಲಿಫೋರ್ನಿಯಾದ ಒಂದು ಪಾನಗೃಹದಲ್ಲಿ ಪ್ರಯೋಗಕ್ಕಿಟ್ಟ ಮೊದಲ 'ಪಾಂಗ್' ಯಂತ್ರ ಕೆಲವೇ ದಿನಗಳಲ್ಲಿ ನಿಂತುಹೋಯಿತಂತೆ. ನೋಡಲು ಹೋದ ತಂತ್ರಜ್ಞನಿಗೆ ಕಂಡ ದೋಷ ಒಂದೇ: ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತು. ಬಳಿಕ ಜಪಾನಿನಿಂದ 1978ರಲ್ಲಿ ಟೈಟೊ ಸಂಸ್ಥೆಯ 'ಸ್ಪೇಸ್ ಇನ್‌ವೇಡರ್ಸ್', 1980ರಲ್ಲಿ ನಾಮ್ಕೊ ಸಂಸ್ಥೆಯ 'ಪ್ಯಾಕ್‌ಮ್ಯಾನ್', 1981ರಲ್ಲಿ 'ಡಾಂಕಿ ಕಾಂಗ್', 1991ರಲ್ಲಿ 'ಸ್ಟ್ರೀಟ್ ಫೈಟರ್ 2' ಬಂದು ಜಗತ್ತನ್ನೆಲ್ಲ ಆವರಿಸಿದವು.

ಸಂಗ್ರಹಕಾರರು ನೆನಪಿಡಬೇಕಾದ ಇನ್ನೊಂದು ವರ್ಷ 1985. ಆ ವರ್ಷ ಜಪಾನಿನ ತಯಾರಕರ ಸಂಘವು ಆಟದ ಬೋರ್ಡು ಮತ್ತು ಪೆಟ್ಟಿಗೆಯನ್ನು ಜೋಡಿಸುವ 56 ತಂತಿಗಳ ಸಾಮಾನ್ಯ ವ್ಯವಸ್ಥೆಯೊಂದನ್ನು ನಿಗದಿಪಡಿಸಿತು. 'ಜಾಮ್ಮ' ಎಂದು ಕರೆಯಲಾಗುವ ಈ ವ್ಯವಸ್ಥೆ ಬಂದ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಬೋರ್ಡು ಬದಲಿಸಿ ಬೇರೆ ಬೇರೆ ಆಟ ಆಡುವುದು ಸುಲಭವಾಯಿತು. ಮನೆಯಲ್ಲಿ ಒಂದೇ ಯಂತ್ರಕ್ಕೆ ಜಾಗವಿರುವವರಿಗೆ ಇದು ವರದಾನ.

ಬೆಂಗಳೂರಿನ ಆದೇಶ, ಸುಪ್ರೀಂ ಕೋರ್ಟಿನ ತೀರ್ಪು

ಇಂತಹ ಯಂತ್ರಗಳು ನಮ್ಮ ನಗರಗಳಿಗೂ ಬಂದವು. 1980ರ ದಶಕದ ಉತ್ತರಾರ್ಧದ ಹೊತ್ತಿಗೆ ವಿಡಿಯೋ ಗೇಮ್ ಪಾರ್ಲರುಗಳು ಎಷ್ಟು ಹಬ್ಬಿದ್ದವೆಂಬುದಕ್ಕೆ ಸಾಕ್ಷಿ ಕಾನೂನಿನ ಪುಟಗಳಲ್ಲೇ ಇದೆ. ಸಾರ್ವಜನಿಕ ಮನೋರಂಜನಾ ಸ್ಥಳಗಳಿಗೆ ಪರವಾನಗಿ ಮತ್ತು ನಿಯಂತ್ರಣ ವಿಧಿಸುವ 1989ರ ಆದೇಶವೊಂದು ಬೆಂಗಳೂರು ನಗರಕ್ಕೆ ಜಾರಿಯಾಯಿತು. ಪಾರ್ಲರುಗಳಿಗೂ ಪರವಾನಗಿ ಬೇಕೆಂಬುದನ್ನು ಪ್ರಶ್ನಿಸಿದ ಮಾಲೀಕರ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 'ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯ' ಎಂಬ ಆ ಪ್ರಕರಣದ ತೀರ್ಪು 1995ರಲ್ಲಿ ಬಂದಿತು. ವಿಡಿಯೋ ಆಟಗಳೆಲ್ಲವೂ ಕೇವಲ ಕೌಶಲದ ಆಟಗಳಲ್ಲ, ಕೆಲವು ಅದೃಷ್ಟದ ಆಟಗಳು, ಕೆಲವು ಎರಡೂ ಬೆರೆತವು. ಆದ್ದರಿಂದ ಅವುಗಳನ್ನು ಪರವಾನಗಿಯ ಮೂಲಕ ನಿಯಂತ್ರಿಸುವುದು ಸರಿ ಎಂಬುದು ನ್ಯಾಯಾಲಯದ ನಿಲುವು. ಯಂತ್ರದ ಒಳವ್ಯವಸ್ಥೆಯನ್ನು ತಿದ್ದಿ ಫಲಿತಾಂಶವನ್ನೇ ಬದಲಿಸಬಹುದೆಂಬ ಆತಂಕವೂ ಅಲ್ಲಿ ಚರ್ಚೆಗೆ ಬಂದಿತ್ತು. ಆಟದ ಯಂತ್ರಗಳ ಕುರಿತ ಕಾನೂನು ಚರ್ಚೆಗಳಲ್ಲಿ ಇಂದಿಗೂ ಉಲ್ಲೇಖವಾಗುವ ಈ ತೀರ್ಪಿನ ಬೇರು ಕನ್ನಡ ನಾಡಿನಲ್ಲಿದೆ ಎಂಬುದು ಗಮನಾರ್ಹ.

ಸಂಗ್ರಹಕಾರರಿಗೆ ಇದರಿಂದ ದೊರೆಯುವ ಪಾಠ ಸರಳ. ಮೇಲಿನ ಆದೇಶ ಸಾರ್ವಜನಿಕ ಸ್ಥಳಗಳಿಗೆ ಸಂಬಂಧಿಸಿದ್ದು. ಮನೆಯವರು ಮನೆಯಲ್ಲಿ ಹಣದ ಪಣವಿಲ್ಲದೆ ಆಡುವ ಆಟದ ಮಾತು ಬೇರೆ. ಆದರೆ ತಮಿಳುನಾಡಿನಲ್ಲಿ 1930ರ ಜೂಜು ನಿಷೇಧ ಕಾಯಿದೆಯೂ ಚೆನ್ನೈಗೆ 1888ರ ನಗರ ಪೊಲೀಸ್ ಕಾಯಿದೆಯೂ ಇವೆ. ನಾಣ್ಯ ಹಾಕಿದರೆ ನಾಣ್ಯವನ್ನೇ ಬಹುಮಾನವಾಗಿ ಉದುರಿಸುವ, ಹಣ್ಣಿನ ಚಿತ್ರಗಳು ತಿರುಗುವ ಜೂಜಿನ ಯಂತ್ರಗಳನ್ನು ಎಷ್ಟೇ ಸುಂದರವಾಗಿದ್ದರೂ ಕೊಳ್ಳದಿರುವುದು ವಿವೇಕ. ಆಟದ ಯಂತ್ರವನ್ನು ನೆರೆಹೊರೆಯ ಮಕ್ಕಳಿಂದ ಹಣ ಪಡೆದು ಆಡಿಸಿದರೆ ಅದು ಹವ್ಯಾಸವಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ. ಆಗ ಪರವಾನಗಿಯ ಪ್ರಶ್ನೆ ಏಳುತ್ತದೆ.

ಮೊದಲ ಯಂತ್ರ ಯಾವುದಾಗಿರಬೇಕು?

ಹವ್ಯಾಸಿಗಳು ಸಾಮಾನ್ಯವಾಗಿ 'ಪ್ಯಾಕ್‌ಮ್ಯಾನ್' ಪೆಟ್ಟಿಗೆಯ ಕನಸು ಕಾಣುತ್ತಾರೆ. ನಮ್ಮ ಸಲಹೆ ಬೇರೆ. ಭಾರತದಲ್ಲಿ ಬೆಳೆದವರಿಗೆ ನಿಜವಾದ ನಾಣ್ಯಯಂತ್ರವೆಂದರೆ ರೈಲು ನಿಲ್ದಾಣದ ತೂಕದ ಯಂತ್ರವೇ. ಅದು ನಮ್ಮ ದೇಶದಲ್ಲೇ ತಯಾರಾದದ್ದು. ಅದರ ಒಳಭಾಗದಲ್ಲಿ ಬಹುಪಾಲು ಸನ್ನೆಗೋಲು, ಸ್ಪ್ರಿಂಗು, ಹಲ್ಲುಚಕ್ರ ಮತ್ತು ಸಣ್ಣ ಮೋಟಾರು. ಸಾಮಾನ್ಯ ಮೆಕ್ಯಾನಿಕ್ ಒಬ್ಬರಿಗೆ ಅರ್ಥವಾಗುವಂಥದ್ದು. ನಿಲ್ದಾಣಗಳಿಂದ ಇವು ಕಾಣೆಯಾಗುತ್ತಿರುವುದರಿಂದ ಉಳಿದವುಗಳನ್ನು ಗುಜರಿಯ ಪಾಲಾಗದಂತೆ ಕಾಪಾಡುವುದಕ್ಕೂ ಅರ್ಥವಿದೆ. ಅಮೆರಿಕದ ಪಿನ್‌ಬಾಲ್ ಯಂತ್ರವನ್ನು ಉಳಿಸಲು ಅಮೆರಿಕದಲ್ಲಿ ಸಾವಿರಾರು ಜನರಿದ್ದಾರೆ. ನಮ್ಮ ತೂಕದ ಯಂತ್ರಕ್ಕೆ ನಾವಲ್ಲದೆ ಯಾರಿದ್ದಾರೆ?

ಇಂತಹ ಯಂತ್ರ ಕೊಳ್ಳುವಾಗ ಮುಖ್ಯವಾಗಿ ಪರೀಕ್ಷಿಸಬೇಕಾದವು: ನಿಲ್ಲುವ ಹಲಗೆಯ ಕೆಳಗಿನ ಸನ್ನೆಗಳು ತುಕ್ಕು ಹಿಡಿದಿವೆಯೇ, ಚೀಟಿ ಮುದ್ರಿಸುವ ಅಚ್ಚು ಪೂರ್ಣವಾಗಿದೆಯೇ, ಚೀಟಿ ತಳ್ಳುವ ಭಾಗ ಚಲಿಸುತ್ತದೆಯೇ, ಮುಂಭಾಗದ ಗಾಜು ಮತ್ತು ಬಣ್ಣದ ಚಕ್ರ ಮೂಲದ್ದೇ ಅಥವಾ ಈಚೆಗೆ ಹಾಕಿದ್ದೇ. ಚೀಟಿಗಳು ಮುಗಿದಿದ್ದರೆ ಅದೇ ಅಳತೆಯ ದಪ್ಪ ರಟ್ಟನ್ನು ಮುದ್ರಣಾಲಯದಲ್ಲಿ ಕತ್ತರಿಸಿಕೊಳ್ಳಬಹುದು. ಹಿಂಬದಿಯ ಭವಿಷ್ಯವಾಕ್ಯಗಳನ್ನು ಕನ್ನಡದಲ್ಲೇ ಬರೆಸಿ ಅಚ್ಚು ಹಾಕಿಸಿದರೆ ಮೊಮ್ಮಕ್ಕಳಿಗೆ ಕನ್ನಡ ಓದಿಸಲು ಅದಕ್ಕಿಂತ ಸೊಗಸಾದ ಉಪಾಯವಿಲ್ಲ.

ಒಂದು ರೂಪಾಯಿಯ ದೂರವಾಣಿ ಪೆಟ್ಟಿಗೆಯೂ ಸಂಗ್ರಹಕ್ಕೆ ತಕ್ಕದ್ದು. ಮೊಬೈಲ್ ಬಂದು ಅಂಗಡಿಗಳ ಮುಂದಿನಿಂದ ಇವು ಮಾಯವಾದವು. ಗಾತ್ರ ಸಣ್ಣದು, ಬೆಲೆ ಕಡಿಮೆ, ಗೋಡೆಗೆ ತೂಗುಹಾಕಬಹುದು.

ವಿಡಿಯೋ ಯಂತ್ರವೇ ಬೇಕೆನ್ನುವವರು ಅಳತೆಯನ್ನು ಮೊದಲು ನೋಡಬೇಕು. ನಿಂತು ಆಡುವ ಪೆಟ್ಟಿಗೆ ಸುಮಾರು 170ರಿಂದ 180 ಸೆಂಟಿಮೀಟರ್ ಎತ್ತರ, 60ರಿಂದ 65 ಸೆಂಟಿಮೀಟರ್ ಅಗಲ ಇರುತ್ತದೆ. ತೂಕ ನೂರು ಕಿಲೋಗ್ರಾಂ ದಾಟುವುದು ಸಾಮಾನ್ಯ. ಪಿನ್‌ಬಾಲ್ ಯಂತ್ರದ ತೂಕವೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಆಡುವವರು ನಿಲ್ಲಲು ಮುಂದೆ ಮೂರಡಿ ಜಾಗವೂ ಬೇಕು. ಜಪಾನಿನ ಕಾಫಿ ಅಂಗಡಿಗಳಲ್ಲಿ 'ಸ್ಪೇಸ್ ಇನ್‌ವೇಡರ್ಸ್' ಹರಡಿದ್ದು ಮೇಜಿನ ರೂಪದಲ್ಲಿ: ಮೇಲೆ ಗಾಜು, ಒಳಗೆ ಮಲಗಿಸಿದ ಪರದೆ, ಎರಡು ಬದಿಗೆ ಇಬ್ಬರು ಆಟಗಾರರು. ಫ್ಲಾಟಿನಲ್ಲಿ ವಾಸಿಸುವವರಿಗೆ ಈ ಮೇಜು ಯಂತ್ರವೇ ಅತ್ಯಂತ ಅನುಕೂಲ. ಆಟವಿಲ್ಲದಾಗ ಅದರ ಮೇಲೆ ಕಾಫಿ ಲೋಟವನ್ನೂ ಇಡಬಹುದು.

ನಾಣ್ಯದ ಸಮಸ್ಯೆ

ಯಂತ್ರ ಮನೆಗೆ ಬಂದ ಮೇಲೆ ಹೊಸಬರಿಗೆ ಎದುರಾಗುವ ಮೊದಲ ತೊಡಕು ನಾಣ್ಯದ್ದೇ. ಹಳೆಯ ನಾಣ್ಯಕಿಂಡಿಯೊಳಗೆ ನಾಲ್ಕು ಪರೀಕ್ಷೆಗಳಿರುತ್ತವೆ. ಗಾತ್ರ ಸಣ್ಣದಾದರೆ ನಾಣ್ಯ ಜಾರಿ ಹೊರಬೀಳುತ್ತದೆ. ತೂಕ ಸಾಲದಿದ್ದರೆ ತೊಟ್ಟಿಲಿನಂತಹ ಪುಟ್ಟ ತಕ್ಕಡಿ ತಿರುಗುವುದಿಲ್ಲ. ಮುಂದೆ ಅಯಸ್ಕಾಂತವಿದ್ದು ಕಬ್ಬಿಣದ ತುಂಡನ್ನು ಹಿಡಿದುಬಿಡುತ್ತದೆ. ಇತರ ಲೋಹದ ನಾಣ್ಯವನ್ನು ಅದರ ಜಾತಿಗೆ ತಕ್ಕಂತೆ ನಿಧಾನಗೊಳಿಸುತ್ತದೆ. ಕೊನೆಗೆ ನಾಣ್ಯ ಒಂದು ಲೋಹದ ಮೊನೆಗೆ ತಾಗಿ ಪುಟಿಯುತ್ತದೆ. ಸರಿಯಾದ ವೇಗದಲ್ಲಿ ಪುಟಿದದ್ದು ಮಾತ್ರ ಸ್ವಿಚ್ಚಿನ ತಂತಿಯನ್ನು ಒತ್ತಿ ಆಟ ಆರಂಭಿಸುತ್ತದೆ. ಸೂಕ್ಷ್ಮ ಎಲೆಕ್ಟ್ರಾನಿಕ್ಸ್ ಇಲ್ಲದೆಯೇ ಖೋಟಾ ನಾಣ್ಯವನ್ನು ಗುರುತಿಸುವ ಈ ಜಾಣತನವನ್ನು ಮಕ್ಕಳಿಗೆ ಬಿಚ್ಚಿ ತೋರಿಸುವುದೇ ಒಂದು ಪಾಠ.

ನಮ್ಮ ನಾಣ್ಯಗಳ ಇತಿಹಾಸವನ್ನು ಇದರೊಂದಿಗೆ ಹೋಲಿಸಿ ನೋಡಿದರೆ ತೊಡಕು ಸ್ಪಷ್ಟವಾಗುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ಆಣೆಗಳ ಜಾಗಕ್ಕೆ ನಯಾ ಪೈಸೆ ಬಂದಿತು. 1983ರಿಂದ ಅಚ್ಚಾದ ಒಂದು ರೂಪಾಯಿ ನಾಣ್ಯ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು, 26 ಮಿಲಿಮೀಟರ್ ಅಗಲ, ಆರು ಗ್ರಾಂ ತೂಕ. 1992ರಿಂದ ಅದು 25 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯವಾಯಿತು. 2011ರ ಬಳಿಕದ್ದು ಸುಮಾರು 22 ಮಿಲಿಮೀಟರ್ ಮಾತ್ರ. ತಾಮ್ರ-ನಿಕ್ಕಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಮ್ಮ ಸ್ಟೀಲ್ ನಾಣ್ಯ ಅಂಟುತ್ತದೆ. ಹಾಗಾಗಿ 1980ರ ದಶಕದ ರೂಪಾಯಿಗೆಂದು ಹೊಂದಿಸಿದ ಕಿಂಡಿ ಇಂದಿನ ರೂಪಾಯಿಯನ್ನು ಕಬ್ಬಿಣದ ಬಿಲ್ಲೆಯೆಂದೇ ತಿಳಿದು ಹಿಡಿದಿಟ್ಟುಕೊಳ್ಳುತ್ತದೆ. ಅಮೆರಿಕದ ಯಂತ್ರ ಬಯಸುವುದು 24.26 ಮಿಲಿಮೀಟರಿನ ಕಾಲು ಡಾಲರನ್ನು, ಜಪಾನಿನದ್ದು 22.6 ಮಿಲಿಮೀಟರಿನ ನೂರು ಯೆನ್ ನಾಣ್ಯವನ್ನು.

ಇದಕ್ಕೆ ಪರಿಹಾರ ಮೂರು ಬಗೆ. ಯಂತ್ರಕ್ಕೆ ಹೊಂದುವ ಹಳೆಯ ನಾಣ್ಯಗಳನ್ನೇ ನಾಣ್ಯ ವ್ಯಾಪಾರಿಗಳಿಂದ ಒಂದು ಡಬ್ಬಿಯಷ್ಟು ಕೊಂಡಿಟ್ಟುಕೊಳ್ಳುವುದು ಮೊದಲನೆಯದು. ಆಡುವವರು ಡಬ್ಬಿಯಿಂದ ತೆಗೆದು ಹಾಕಿ, ಆಟ ಮುಗಿದ ಮೇಲೆ ಮತ್ತೆ ಡಬ್ಬಿಗೆ ಸೇರಿಸುವುದು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿದಿರುವುದರಿಂದ ಅವುಗಳಿಗೆ ಇದಕ್ಕಿಂತ ಗೌರವದ ಉಪಯೋಗ ಇನ್ನೊಂದಿಲ್ಲ. ಎರಡನೆಯದು ಹಿತ್ತಾಳೆಯ ಟೋಕನ್. ಮೂರನೆಯದು ಗಾತ್ರವನ್ನು ನೆನಪಿಟ್ಟುಕೊಳ್ಳುವ ಹೊಸ ಎಲೆಕ್ಟ್ರಾನಿಕ್ ಕಿಂಡಿ. ಹಳೆಯ ಕಿಂಡಿಯನ್ನು ಅರದಿಂದ ಉಜ್ಜಿ ಅಗಲಿಸುವುದು ಬೇಡ. ಒಮ್ಮೆ ಉಜ್ಜಿದರೆ ಮತ್ತೆ ಮೂಲಸ್ಥಿತಿಗೆ ತರಲಾಗದು. ನಾಣ್ಯವನ್ನೇ ಕತ್ತರಿಸುವುದಂತೂ 2011ರ ನಾಣ್ಯ ಕಾಯಿದೆಯಂತೆ ಅಪರಾಧ.

ಎಲ್ಲಿ ಹುಡುಕುವುದು?

ಚೆನ್ನೈನ ಹಳೆಯ ವಸ್ತುಗಳ ತವರಾಗಿದ್ದ ಮೂರ್ ಮಾರ್ಕೆಟ್ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಂದು ಬಿಡಿಭಾಗಗಳಿಗೆ ಮೌಂಟ್ ರೋಡ್ ಸಮೀಪದ ರಿಚ್ಚಿ ಸ್ಟ್ರೀಟ್ ಆಸರೆ: ಸ್ವಿಚ್ಚು, ಗುಂಡಿ, ಕೆಪಾಸಿಟರ್, ವಿದ್ಯುತ್ ಪೂರೈಕೆಯ ಘಟಕ ಎಲ್ಲವೂ ದೊರೆಯುತ್ತವೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲೂ ವಿಚಾರಿಸಬಹುದು. ಯಾಂತ್ರಿಕ ವಸ್ತುಗಳಿಗೆ ಕಾರೈಕುಡಿಯ ಹಳೆಯ ಸಾಮಾನಿನ ಅಂಗಡಿಗಳು ಪ್ರಸಿದ್ಧ. ಬಾಗಿಲು ಮುಚ್ಚುವ ಮನೋರಂಜನಾ ಕೇಂದ್ರಗಳು, ಹಳೆಯ ಕ್ಲಬ್ಬುಗಳು, ಚಿತ್ರಮಂದಿರಗಳು ಸಾಮಾನು ಹರಾಜು ಹಾಕುವಾಗ ಕಣ್ಣಿಟ್ಟಿರಬೇಕು. ರೈಲ್ವೆಯ ಸ್ವತ್ತಾಗಿದ್ದ ವಸ್ತು ಎಂದು ಯಾರಾದರೂ ಮಾರಲು ಬಂದರೆ ಹರಾಜಿನ ರಸೀದಿ ಕೇಳುವುದು ಅಗತ್ಯ. ರಸೀದಿ ಇಲ್ಲದ ಅಗ್ಗದ ವಸ್ತು ಕೊನೆಗೆ ದುಬಾರಿಯಾಗುತ್ತದೆ.

ಹೊರದೇಶದಿಂದ ತರಿಸುವವರು ತಿಳಿದಿರಬೇಕಾದದ್ದು: ನಾಣ್ಯಚಾಲಿತ ಆಟಗಳು ಸುಂಕದ ಪಟ್ಟಿಯಲ್ಲಿ 9504ನೆಯ ಶೀರ್ಷಿಕೆಯಡಿ ಬರುತ್ತವೆ, ಮತ್ತು ಬಳಸಿದ ವಸ್ತುಗಳ ಆಮದಿಗೆ ಪರವಾನಗಿಯ ನಿರ್ಬಂಧಗಳಿವೆ. ಯಂತ್ರದ ಬೆಲೆಗಿಂತ ಹಡಗಿನ ಬಾಡಿಗೆ, ಸುಂಕ, ಬಂದರಿನ ಶುಲ್ಕಗಳೇ ಹೆಚ್ಚಾಗಬಹುದು. ಹಣ ಕಳುಹಿಸುವ ಮುನ್ನವೇ ಅನುಭವಿ ಕಸ್ಟಮ್ಸ್ ಏಜೆಂಟರ ಅಭಿಪ್ರಾಯ ಪಡೆಯಬೇಕು.

ವಿದ್ಯುತ್ತು: ಇಲ್ಲಿ ಸಲುಗೆ ಸಲ್ಲದು

ನಮ್ಮ ಮನೆಗಳಲ್ಲಿ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಯಂತ್ರಕ್ಕೆ ಬೇಕಾದದ್ದು 120 ವೋಲ್ಟ್, ಜಪಾನಿನದಕ್ಕೆ 100 ವೋಲ್ಟ್. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಚುಚ್ಚಿದರೆ ಕ್ಷಣದಲ್ಲಿ ಎಲ್ಲವೂ ಸುಟ್ಟುಹೋಗುತ್ತದೆ. ಮಕ್ಕಳ ಕೈ ತಾಗುವ ನಾಣ್ಯದ ಬಾಗಿಲು ಲೋಹದ್ದು; ಅದಕ್ಕೆ ಅರ್ತಿಂಗ್ ಸರಿಯಾಗಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷಿಸಿಯೇ ಆಟಕ್ಕೆ ಬಿಡಬೇಕು. ಆ ಕೋಣೆಯ ಸರ್ಕ್ಯೂಟಿಗೆ, ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ ಬ್ರೇಕರ್ ಇರಲೇಬೇಕು.

ಹಳೆಯ ಯಂತ್ರಗಳ ಪರದೆ ಟಿವಿಯ ಪಿಕ್ಚರ್ ಟ್ಯೂಬಿನಂಥದ್ದೇ. ಬಣ್ಣದ ಟ್ಯೂಬಿನೊಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಇರಬಹುದು. ಪ್ಲಗ್ ಕಿತ್ತ ಬಳಿಕವೂ ಅದು ಕೆಲಕಾಲ ಉಳಿದಿರುತ್ತದೆ. ಹಲವು ಪರದೆಗಳಿಗೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ಅದನ್ನು ತೆಗೆದುಹಾಕಿ ನೇರ ಸಂಪರ್ಕ ಕೊಟ್ಟ ಯಂತ್ರಗಳು ಪ್ರಾಣಕ್ಕೆ ಎರವಾಗಬಲ್ಲವು. ಮನೆಯವರು ಹಿಂಬದಿಯ ಮುಚ್ಚಳವನ್ನು ಎಂದಿಗೂ ತೆರೆಯಬಾರದು, ಮತ್ತು ಅದರ ಬೀಗದ ಕೈ ಮಕ್ಕಳಿಗೆ ಎಟುಕಬಾರದು.

ಹಾಗಾದರೆ ರಿಪೇರಿ ಮಾಡುವವರು ಯಾರು? ಉತ್ತರ ನಮ್ಮ ಬೀದಿಯಲ್ಲೇ ಇರಬಹುದು. ಆಟದ ಯಂತ್ರದ ಪರದೆ ಕೆಲಸ ಮಾಡುವ ಆವರ್ತನ ಸುಮಾರು 15.7 ಕಿಲೋಹರ್ಟ್ಸ್, ನಮ್ಮ ಹಳೆಯ ಟಿವಿಗಳದ್ದು 15.625 ಕಿಲೋಹರ್ಟ್ಸ್. ಎರಡೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಹಿಂದೆ ಪಿಕ್ಚರ್ ಟ್ಯೂಬ್ ಟಿವಿಗಳನ್ನು ದುರಸ್ತಿ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್‌ಗೆ ಈ ಪರದೆ ಅಪರಿಚಿತವಲ್ಲ. ಟ್ಯೂಬುಗಳ ತಯಾರಿಕೆ ಜಗತ್ತಿನಲ್ಲಿ ಬಹುತೇಕ ನಿಂತಿದೆ. ಅವನ್ನು ಬಲ್ಲ ಕೈಗಳೂ ವಿರಳವಾಗುತ್ತಿವೆ. ಯಂತ್ರ ಕೊಳ್ಳುವ ಮುನ್ನ ಅಂತಹ ಒಬ್ಬರನ್ನು ಹುಡುಕಿ ಮಾತಾಡಿ. ಯಂತ್ರ ಆಮೇಲೆ ಬರಲಿ.

ಟ್ಯೂಬ್ ಮತ್ತು ಬೋರ್ಡಿನ ಹೊರತು ಇನ್ನೂ ಎರಡು ಕಾಯಿಲೆಗಳು ಸಾಮಾನ್ಯ. ಬೋರ್ಡಿನ ಮೇಲಿನ ಹಳೆಯ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಕೊಂಡ ದಿನವೇ ಅದನ್ನು ಪರೀಕ್ಷಿಸಬೇಕು. ಆದರೆ 1993ರಲ್ಲಿ ಬಂದ ಕ್ಯಾಪ್‌ಕಾಮ್ ಸಂಸ್ಥೆಯ ಸಿಪಿಎಸ್-2 ಮಾದರಿಯಂತಹ ಕೆಲವು ಬೋರ್ಡುಗಳಲ್ಲಿ ಬ್ಯಾಟರಿ ಬರಿದಾದರೆ ಆಟವೇ ಸತ್ತುಹೋಗುವ ವ್ಯವಸ್ಥೆಯಿದೆ. ಅಲ್ಲಿ ತಿಳಿದವರು ಮಾತ್ರ ಕೈ ಹಾಕಬೇಕು. ಎರಡನೆಯದು ಒಣಗಿದ ಕೆಪಾಸಿಟರುಗಳು. ಚಿತ್ರ ಅಲುಗಾಡಿದರೆ ಅಥವಾ ಬದಿಗಳು ಬಾಗಿದಂತೆ ಕಂಡರೆ ಹಲವು ಬಾರಿ ಕಾರಣ ಅವೇ.

ವೆಸ್ಟ್ ಮಾಂಬಲಂನ ಮನೆಯಲ್ಲಿ

ಇಲ್ಲಿಯ ದೊಡ್ಡ ಶತ್ರು ನೀರು. ಟಿ. ನಗರ ಬಡಾವಣೆ 1920ರ ದಶಕದಲ್ಲಿ ರೂಪುಗೊಂಡದ್ದು ಮಾಂಬಲಂ ಕೆರೆಯನ್ನು ಬತ್ತಿಸಿ. ರೈಲು ಹಳಿಯ ಈಚೆಗೆ, ವೆಸ್ಟ್ ಮಾಂಬಲಂನಲ್ಲಿ, ಲೇಕ್ ವ್ಯೂ ರೋಡ್ ಎಂಬ ಹೆಸರು ಆ ಕೆರೆಯ ನೆನಪನ್ನು ಉಳಿಸಿಕೊಂಡಿದೆ. ಕೆರೆ ಹೋದರೂ ನೀರು ತನ್ನ ಹಳೆಯ ಜಾಗವನ್ನು ಮರೆತಿಲ್ಲ ಎಂಬುದನ್ನು 2015ರ ಡಿಸೆಂಬರ್ ಮತ್ತು 2021ರ ನವೆಂಬರ್ ತಿಂಗಳ ಮಳೆಗಳು ತೋರಿಸಿಕೊಟ್ಟವು. ಆಟದ ಪೆಟ್ಟಿಗೆಗಳಲ್ಲಿ ಹಲವು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯವು. ಒಮ್ಮೆ ನೀರು ಕುಡಿದರೆ ಅವಲಕ್ಕಿಯಂತೆ ಉಬ್ಬಿ ಉದುರುತ್ತವೆ. ಹಾಗಾಗಿ ನೆಲಮಹಡಿಯ ಮನೆಯಲ್ಲಿ ಭಾರವಾದ ಯಂತ್ರ ಇಡದಿರುವುದೇ ಲೇಸು. ಇಡಲೇಬೇಕೆಂದರೆ ಹಿಂದೆ ನೀರು ಏರಿದ ಗುರುತಿಗಿಂತ ಎತ್ತರದ ಕಟ್ಟೆಯ ಮೇಲೆ, ಪ್ಲಗ್ ಅದಕ್ಕಿಂತಲೂ ಮೇಲೆ ಇರಲಿ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಬೋರ್ಡನ್ನು ಬಿಚ್ಚಿ ಮೇಲಿನ ಅಟ್ಟದಲ್ಲಿಡುವುದು ಬುದ್ಧಿವಂತಿಕೆ; ಪೆಟ್ಟಿಗೆಯನ್ನು ಬಡಗಿ ಮತ್ತೆ ಮಾಡಿಕೊಟ್ಟಾನು, ಬೋರ್ಡನ್ನು ಯಾರೂ ಮಾಡಿಕೊಡರು.

ಮಹಡಿಯ ಮನೆಯಾದರೆ ಮೆಟ್ಟಿಲಿನ ತಿರುವಿನ ಅಗಲ ಅಳೆದ ಮೇಲೆಯೇ ಮುಂಗಡ ಕೊಡಬೇಕು. ಲಿಫ್ಟಿನ ಬಾಗಿಲು, ಮನೆಯ ಬಾಗಿಲು, ಕೋಣೆಯ ಬಾಗಿಲು, ಈ ಮೂರರಲ್ಲಿ ಅತಿ ಕಿರಿದಾದದ್ದೇ ನಿಮ್ಮ ಯಂತ್ರದ ಗರಿಷ್ಠ ಅಗಲ. ಕಡಲಗಾಳಿಯ ತೇವಕ್ಕೆ ಲೋಹದ ಸಂಪರ್ಕಗಳು ಕಪ್ಪಾಗುತ್ತವೆ. ವಾರಕ್ಕೊಮ್ಮೆಯಾದರೂ ಯಂತ್ರವನ್ನು ಅರ್ಧ ಗಂಟೆ ನಡೆಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಗೋಡೆಯಿಂದ ನಾಲ್ಕು ಬೆರಳಾದರೂ ದೂರವಿಟ್ಟರೆ ಗಾಳಿಯಾಡುತ್ತದೆ, ಗೆದ್ದಲಿನ ಹೆಜ್ಜೆಯೂ ಕಣ್ಣಿಗೆ ಬೀಳುತ್ತದೆ. ಯಂತ್ರದ ಕಾಲಿನಡಿ ದಪ್ಪ ರಬ್ಬರ್ ಹಾಕಿ, ರಾತ್ರಿ ಒಂಬತ್ತರ ಮೇಲೆ ಸದ್ದು ತಗ್ಗಿಸಿದರೆ ಕೆಳಮನೆಯವರ ಸ್ನೇಹ ಉಳಿಯುತ್ತದೆ.

ಕಿತ್ತು ಹಾಕಬೇಡಿ

ಹಳೆಯ ಪೆಟ್ಟಿಗೆಯ ಒಳಭಾಗವನ್ನೆಲ್ಲ ಕಿತ್ತು, ಚಪ್ಪಟೆ ಪರದೆ ಮತ್ತು ನೂರಾರು ಆಟಗಳಿರುವ ಅಗ್ಗದ ಬೋರ್ಡು ಹಾಕಿಕೊಡುವವರು ಇದ್ದಾರೆ. ಇದರ ಬಗ್ಗೆ ಎರಡು ಮಾತು. ಮೊದಲನೆಯದಾಗಿ, ಇಂತಹ ಬೋರ್ಡುಗಳಲ್ಲಿರುವ ಆಟಗಳು ಬಹುಪಾಲು ಅನುಮತಿಯಿಲ್ಲದ ನಕಲುಗಳು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಡಿ ಕಂಪ್ಯೂಟರ್ ಕಾರ್ಯಕ್ರಮಗಳಿಗೂ ರಕ್ಷಣೆಯಿದೆ. ಎರಡನೆಯದಾಗಿ, ಕಿತ್ತ ಭಾಗಗಳು ನೇರವಾಗಿ ಗುಜರಿಗೆ ಹೋಗುತ್ತವೆ. ಯಂತ್ರ ಸಂಪೂರ್ಣ ಹಾಳಾಗಿದ್ದರೆ ಮಾರ್ಪಾಡು ಒಪ್ಪಬಹುದು. ಆಗಲೂ ಮೂಲ ಭಾಗಗಳನ್ನು ಚೀಟಿ ಬರೆದು ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ. ನಿಜವಾಗಿ ಕೆಟ್ಟುಹೋದ ಟ್ಯೂಬನ್ನು ಕಸದ ತೊಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೇ ಕೊಡಬೇಕು. ಅದರ ಗಾಜಿನಲ್ಲಿ ಸೀಸವಿದೆ. ಆಟದ ರುಚಿ ಮಾತ್ರ ಸಾಕು, ಯಂತ್ರದ ಗೋಜು ಬೇಡ ಎನ್ನುವವರಿಗೆ ಮೂಲ ಸಂಸ್ಥೆಗಳೇ ಪರವಾನಗಿಯೊಡನೆ ಹೊರತಂದಿರುವ ಹಳೆಯ ಆಟಗಳ ಸಂಕಲನಗಳು ದೊರೆಯುತ್ತವೆ.

ಕೋಣೆಯ ಕನ್ನಡ ಮೂಲೆ

ಆಟದ ಕೋಣೆ ಎಂಬುದು ನಮಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳ ಮಹಾಪೋಷಕರಾಗಿದ್ದರು. ಸ್ವತಃ ಹಲವು ಹಲಗೆಯಾಟಗಳನ್ನು ರೂಪಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಇಂತಹ ವಿನೋದಗಳಿಗೇ ಮೀಸಲು. ಗಂಜೀಫಾ ಎಲೆಗಳ ಮೈಸೂರು ಪರಂಪರೆಯೂ ಅವರ ಆಶ್ರಯದಲ್ಲಿ ಅರಳಿತು. ಜಗನ್ಮೋಹನ ಅರಮನೆಗೆ ಹೋದವರು, ಪುಟ್ಟ ಸೈನಿಕರು ಸಾಲಾಗಿ ನಡೆಯುವ ಫ್ರೆಂಚ್ ಗಡಿಯಾರವನ್ನು ನೋಡಲು ಗಂಟೆ ಹೊಡೆಯುವವರೆಗೆ ಕಾದು ನಿಂತ ನೆನಪು ಮಾಡಿಕೊಳ್ಳಬಹುದು. ನಮ್ಮ ಕಾಲದಲ್ಲಿ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವೂ ಚೆನ್ನೈನ ಕ್ರೀಡಾ ಸಂಸ್ಥೆಯೂ ಸಾಂಪ್ರದಾಯಿಕ ಆಟಗಳಿಗೆ ಮರುಜೀವ ಕೊಡುವ ಕೆಲಸ ಮಾಡಿವೆ.

ಹಾಗಾಗಿ ನಾಣ್ಯಯಂತ್ರದ ಪಕ್ಕದಲ್ಲೇ ಒಂದು ಅಳಗುಳಿ ಮಣೆ, ಒಂದು ಪಗಡೆ ಹಾಸು, ಚೌಕಾಬಾರದ ಕವಡೆಗಳು ಇರಲಿ. ಮಳೆಯ ದಿನ ಕರೆಂಟು ಹೋದಾಗ ಯಂತ್ರ ಕಣ್ಣು ಮುಚ್ಚುತ್ತದೆ. ಅಜ್ಜಿಯ ಅಳಗುಳಿ ಮಣೆಗೆ ದೀಪದ ಬೆಳಕೇ ಸಾಕು.

ಕೊನೆಯದಾಗಿ ಒಂದು ಕೋರಿಕೆ. ಯಂತ್ರ ದೊರೆತ ದಿನವೇ ಅದರ ಚಿತ್ರ ತೆಗೆದು, ಎಲ್ಲಿಂದ ಬಂದಿತು, ಎಲ್ಲಿ ನಿಂತಿತ್ತು, ಯಾವ ನಾಣ್ಯ ನುಂಗುತ್ತಿತ್ತು, ಯಾರು ರಿಪೇರಿ ಮಾಡಿದರು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ. ಲೋಹಕ್ಕೆ ತುಕ್ಕು ಹಿಡಿಯುವ ಮೊದಲೇ ನೆನಪಿಗೆ ಹಿಡಿಯುತ್ತದೆ. ಮುಂದೊಂದು ದಿನ ಮೊಮ್ಮಗಳು ಆ ಹಲಗೆಯ ಮೇಲೇರಿ ನಿಂತು, ನಾಣ್ಯ ಹಾಕಿ, ಬಿದ್ದ ಚೀಟಿಯನ್ನು ತಿರುಗಿಸಿ ಓದುವಾಗ, ಆ ಯಂತ್ರ ಯಾವ ನಿಲ್ದಾಣದಲ್ಲಿ ಯಾರ ಮುತ್ತಜ್ಜನ ತೂಕ ಹೇಳಿತ್ತು ಎಂಬುದೂ ಅವಳಿಗೆ ತಿಳಿದಿರಲಿ.